ಸಾಕು ಮೀನಿನ ಆಹಾರದಲ್ಲಿ ಅಮೈನೊ ಆಮ್ಲಗಳು



ಕೆರೆಯಲ್ಲಿ ತಾನಾಗಿ ಬೆಳೆಯುವ ಮೀನಿಗೆ ಯಾರೂ ಊಟ ಬಡಿಸುವುದಿಲ್ಲ. ಪಾಚಿ, ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು, ಹುಳುಹುಪ್ಪಟೆ, ಕೊಳೆತ ಎಲೆ, ತನಗಿಂತ ಚಿಕ್ಕ ಮೀನು ಹೀಗೆ ಸಿಕ್ಕಿದ್ದನ್ನು ತಿಂದು ಅದು ಬದುಕುತ್ತದೆ. ಅದೇ ಮೀನನ್ನು ಹೊಂಡವೊಂದರಲ್ಲಿ ಒತ್ತೊತ್ತಾಗಿ ಬಿಟ್ಟು, ವರ್ಷದೊಳಗೆ ಒಂದು ಕಿಲೋ ತೂಗಲೇಬೇಕು ಎಂದು ನಾವು ಹಟ ಹಿಡಿದಾಗ ಮಾತ್ರ ಅದರ ಊಟದ ಜವಾಬ್ದಾರಿ ನಮ್ಮ ತಲೆಗೆ ಬರುತ್ತದೆ. ಮೀನು ಸಾಕಣೆಯಲ್ಲಿ ನಮ್ಮ ದೇಶ ಇಂದು ಚೀನಾದ ನಂತರದ ಸ್ಥಾನದಲ್ಲಿದೆ. ಇಲ್ಲಿ ಸಿಹಿನೀರಿನ ಸಾಕಣೆಯ ಬಹುಪಾಲು ಕಾಟ್ಲ, ರೋಹು, ಮೃಗಾಲ್ ಎಂಬ ಮೂರು ಗೆಂಡೆ ಮೀನುಗಳದ್ದು. ಮೇವು ಕೊಟ್ಟು ಮೀನು ಸಾಕುವವರ ಖರ್ಚಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕೂ ಹೆಚ್ಚು ಆ ಮೇವಿಗೇ ಹೋಗುತ್ತದೆ. ಮೇವಿನಲ್ಲಿ ಅತಿ ದುಬಾರಿಯಾದದ್ದು ಪ್ರೋಟೀನು. ಆದ್ದರಿಂದ ಇಂದಿನ ನಮ್ಮ ಮಾತು ರಸಾಯನಶಾಸ್ತ್ರದ ಪಾಠದಂತೆ ಕೇಳಿಸಿದರೂ ಅದರ ತುದಿ ಮುಟ್ಟುವುದು ರೈತನ ಜೇಬನ್ನು.

ಮೊದಲು ಒಂದು ವಿಚಿತ್ರವಾದ ಮಾತು ಹೇಳುತ್ತೇನೆ. ಮೀನಿಗೆ ಪ್ರೋಟೀನು ಬೇಕಾಗಿಯೇ ಇಲ್ಲ!

ಗಾಬರಿಯಾಗಬೇಡಿ. ಮೀನಿನ ಆಹಾರದಲ್ಲಿ ಶೇಕಡ 25ರಿಂದ 50ರವರೆಗೆ ಪ್ರೋಟೀನು ಇರುತ್ತದೆ. ಕೋಳಿಯ ಆಹಾರದಲ್ಲಿ ಇರುವುದು ಸುಮಾರು ಶೇಕಡ 20 ಮಾತ್ರ. ಆದರೂ ನಾನು ಹಾಗೆ ಹೇಳುವುದಕ್ಕೆ ಕಾರಣವಿದೆ. ಪ್ರೋಟೀನು ಎಂದರೆ ಅಮೈನೊ ಆಮ್ಲಗಳೆಂಬ ಸಣ್ಣ ಅಣುಗಳನ್ನು ಪೋಣಿಸಿದ ಉದ್ದನೆಯ ಸರ ಎಂದು ನಿಮ್ಮ ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಮೀನು ತಿಂದ ಪ್ರೋಟೀನಿನ ಬಹುಭಾಗ ಹಾಗೆಯೇ ಅದರ ಮೈಗೆ ಸೇರುವುದಿಲ್ಲ. ಕರುಳಿನಲ್ಲಿ ಆ ಸರ ಕಡಿದು ಮಣಿಗಳು ಬೇರೆಯಾಗುತ್ತವೆ. ಮಣಿಗಳು ರಕ್ತಕ್ಕೆ ಸೇರುತ್ತವೆ. ಜೀವಕೋಶಗಳು ಅವನ್ನು ತಮಗೆ ಬೇಕಾದ ಕ್ರಮದಲ್ಲಿ ಮತ್ತೆ ಪೋಣಿಸಿಕೊಳ್ಳುತ್ತವೆ. ಸೋಯಾ ಅವರೆಯ ಪ್ರೋಟೀನು ಹೀಗೆ ಕಾಟ್ಲದ ಸ್ನಾಯು ಆಗುತ್ತದೆ. ಅಂದರೆ ಮೀನಿಗೆ ನಿಜವಾಗಿ ಬೇಕಾದುದು ಸರವಲ್ಲ, ಮಣಿಗಳು. ಆ ಮಣಿಗಳಲ್ಲಿ 20 ಬಗೆ.

ಇನ್ನೊಂದು ಹೋಲಿಕೆ ಕೊಡುತ್ತೇನೆ. ಹಳೆಯ ಅಚ್ಚುಕೂಟಗಳನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿರಲಾರಿರಿ. ಅಲ್ಲಿ ಸೀಸದ ಅಕ್ಷರಗಳನ್ನು, ಅಂದರೆ ಮೊಳೆಗಳನ್ನು, ಒಂದೊಂದಾಗಿ ಹೆಕ್ಕಿ ಜೋಡಿಸಿ ಪುಟ ಕಟ್ಟುತ್ತಿದ್ದರು. ‘ಕನಕ’ ಎಂಬ ಪದವನ್ನು ನೂರು ಬಾರಿ ಜೋಡಿಸಬೇಕು ಎನ್ನಿ. ಅದಕ್ಕೆ ಇನ್ನೂರು ‘ಕ’ ಬೇಕು, ನೂರು ‘ನ’ ಬೇಕು. ನಿಮ್ಮ ಪೆಟ್ಟಿಗೆಯಲ್ಲಿ ‘ಕ’ ಐನೂರು ಇದ್ದು ‘ನ’ ಅರುವತ್ತೇ ಇದ್ದರೆ? ಅರುವತ್ತು ‘ಕನಕ’ ಆಗುತ್ತವೆ, ಅರುವತ್ತೊಂದನೆಯದು ಆಗುವುದಿಲ್ಲ. ‘ಕ’ ಎಷ್ಟೇ ರಾಶಿ ಬಿದ್ದಿದ್ದರೂ ಕೆಲಸ ನಿಲ್ಲುತ್ತದೆ.

ಮೀನಿನ ಮೈಯಲ್ಲಿ ನಡೆಯುವುದೂ ಇದೇ. ಆದರೆ ಅಚ್ಚುಕೂಟಕ್ಕೂ ಮೀನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಅಚ್ಚುಕೂಟದಲ್ಲಿ ಉಳಿದ ‘ಕ’ಗಳು ಪೆಟ್ಟಿಗೆಯಲ್ಲಿ ಭದ್ರವಾಗಿ ಇರುತ್ತವೆ, ನಾಳೆಗೆ ಬರುತ್ತವೆ. ದೇಹಕ್ಕೆ ಅಂಥ ಪೆಟ್ಟಿಗೆ ಇಲ್ಲ. ಸಕ್ಕರೆಯ ಅಂಶ ಹೆಚ್ಚಾದರೆ ಗ್ಲೈಕೊಜನ್ ಆಗಿ ಯಕೃತ್ತಿನಲ್ಲಿ ಕೂಡುತ್ತದೆ, ಕೊಬ್ಬು ಕೊಬ್ಬಾಗಿ ಕೂಡುತ್ತದೆ; ಅಮೈನೊ ಆಮ್ಲಗಳನ್ನು ಮಾತ್ರ ನಾಳೆಗೆಂದು ಕೂಡಿಡುವ ಉಗ್ರಾಣ ಪ್ರಾಣಿಗಳಲ್ಲಿ ಇಲ್ಲ. ಹೊಂದಿಕೆಯಾಗದೆ ಉಳಿದ ಅಮೈನೊ ಆಮ್ಲವನ್ನು ದೇಹ ಒಡೆದು ಉರುವಲಾಗಿ ಉರಿಸುತ್ತದೆ, ಇಲ್ಲವೇ ಕೊಬ್ಬಾಗಿ ಬದಲಿಸುತ್ತದೆ. ಅದರಲ್ಲಿದ್ದ ಸಾರಜನಕ ಅಮೋನಿಯಾ ಆಗಿ ಕಿವಿರುಗಳ ಮೂಲಕ ನೀರಿಗೆ ಹೋಗುತ್ತದೆ. ಒಂದೇ ಒಂದು ಅಮೈನೊ ಆಮ್ಲ ಸಾಲದೆ ಹೋದರೂ ಉಳಿದ ಹತ್ತೊಂಬತ್ತರ ಒಂದು ಪಾಲು ಹೀಗೆ ಸುಟ್ಟುಹೋಗುತ್ತದೆ. ದುಡ್ಡು ಕೊಟ್ಟು ಕೊಂಡ ಪ್ರೋಟೀನನ್ನು ಸೌದೆಯಂತೆ ಉರಿಸುವುದು ಎಂದರೆ ಇದೇ.

ಇಪ್ಪತ್ತರಲ್ಲಿ ಹತ್ತನ್ನು ಮೀನು ತಾನೇ ತಯಾರಿಸಿಕೊಳ್ಳಬಲ್ಲದು. ಉಳಿದ ಹತ್ತನ್ನು ಆಹಾರದಿಂದಲೇ ಪಡೆಯಬೇಕು. ಇವಕ್ಕೆ ಅವಶ್ಯಕ ಅಮೈನೊ ಆಮ್ಲಗಳು ಎಂದು ಹೆಸರು. ಬರೆದುಕೊಳ್ಳುವವರು ಬರೆದುಕೊಳ್ಳಿ: ಆರ್ಜಿನೀನ್, ಹಿಸ್ಟಿಡೀನ್, ಐಸೊಲ್ಯೂಸೀನ್, ಲ್ಯೂಸೀನ್, ಲೈಸೀನ್, ಮೆಥಿಯೊನೀನ್, ಫಿನೈಲ್‌ಅಲನೀನ್, ಥ್ರಿಯೊನೀನ್, ಟ್ರಿಪ್ಟೊಫ್ಯಾನ್, ವ್ಯಾಲೀನ್. ವಯಸ್ಕ ಮನುಷ್ಯರಿಗೆ ಇವುಗಳಲ್ಲಿ ಒಂಬತ್ತು ಅವಶ್ಯಕ. ಆರ್ಜಿನೀನನ್ನು ನಾವು ಯೂರಿಯಾ ತಯಾರಿಸುವ ಚಕ್ರದ ನಡುವೆ ಪಡೆದುಕೊಳ್ಳುತ್ತೇವೆ. ಮೂಳೆಯುಳ್ಳ ಮೀನುಗಳಲ್ಲಿ ಹೆಚ್ಚಿನವು ಅಮೋನಿಯಾವನ್ನು ನೇರವಾಗಿ ನೀರಿಗೆ ಬಿಟ್ಟುಬಿಡುವುದರಿಂದ ಅವುಗಳಲ್ಲಿ ಆ ಚಕ್ರ ಹೆಚ್ಚಾಗಿ ತಿರುಗುವುದಿಲ್ಲ. ಹಾಗಾಗಿ ಆರ್ಜಿನೀನ್ ಊಟದಲ್ಲಿಯೇ ಬರಬೇಕು. ಎಲ್ಲಿಯೋ ನೀರಿನಲ್ಲಿ ಬದುಕುವ ಅನುಕೂಲಕ್ಕೂ ಮೇವಿನ ಮೂಟೆಗೂ ಹೀಗೊಂದು ನಂಟು.

ಇದೆಲ್ಲ ಹೇಗೆ ತಿಳಿಯಿತು? 1914ರಲ್ಲಿ ಅಮೆರಿಕದ ಆಸ್‌ಬಾರ್ನ್ ಮತ್ತು ಮೆಂಡೆಲ್ ಎಂಬ ವಿಜ್ಞಾನಿಗಳು ಮುಸುಕಿನ ಜೋಳದ ಜೀನ್ ಎಂಬ ಪ್ರೋಟೀನೊಂದನ್ನೇ ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳು ಸೊರಗಿದವು. ಟ್ರಿಪ್ಟೊಫ್ಯಾನ್ ಸೇರಿಸಿದಾಗ ಸೊರಗುವುದು ನಿಂತಿತು, ಆದರೆ ಬೆಳೆಯಲಿಲ್ಲ. ಲೈಸೀನನ್ನೂ ಸೇರಿಸಿದಾಗ ಬೆಳೆದವು. ಮೀನಿನ ವಿಷಯದಲ್ಲಿ ಇಂಥ ಪರೀಕ್ಷೆ ನಡೆಯಲು ಇನ್ನೂ ನಾಲ್ಕು ದಶಕ ಬೇಕಾಯಿತು. ಅಮೆರಿಕದ ವಾಯವ್ಯ ಭಾಗದ ಕೊಲಂಬಿಯಾ ನದಿಗೆ ಅಣೆಕಟ್ಟುಗಳು ಎದ್ದು, ಸಮುದ್ರದಿಂದ ಮೇಲೇರಿ ಬಂದು ಮೊಟ್ಟೆಯಿಡುವ ಸಾಲ್ಮನ್ ಮೀನುಗಳ ದಾರಿ ಕಟ್ಟಿತು. ನಷ್ಟ ತುಂಬಲು ಸಾಕಣೆ ಕೇಂದ್ರಗಳಲ್ಲಿ ಮರಿ ಮಾಡಿ ನದಿಗೆ ಬಿಡತೊಡಗಿದರು. ಮರಿಗಳಿಗೆ ಕಸಾಯಿಖಾನೆಯ ಯಕೃತ್ತಿನಂಥ ಹಸಿ ಮಾಂಸವನ್ನು ಹಾಕುತ್ತಿದ್ದ ಕಾಲ ಅದು. ವಾಷಿಂಗ್ಟನ್ ರಾಜ್ಯದ ಕುಕ್ ಎಂಬಲ್ಲಿನ ಪ್ರಯೋಗಾಲಯದಲ್ಲಿ ಜಾನ್ ಹಾಲ್ವರ್ ಎಂಬಾತ ಈ ಮರಿಗಳಿಗೆ ಶುದ್ಧ ಅಮೈನೊ ಆಮ್ಲಗಳ ಪುಡಿಯಿಂದಲೇ ಆಹಾರ ತಯಾರಿಸಿದ. ಒಂದು ಗುಂಪಿಗೆ ಎಲ್ಲವೂ. ಮಿಕ್ಕ ಒಂದೊಂದು ಗುಂಪಿಗೆ ಒಂದೊಂದು ಅಮೈನೊ ಆಮ್ಲ ಕಡಿತ. ಯಾವ ಗುಂಪು ಬೆಳೆಯದೆ ನಿಂತಿತೋ ಅದಕ್ಕೆ ತಪ್ಪಿಸಿದ ಅಮೈನೊ ಆಮ್ಲ ಅವಶ್ಯಕ ಎಂದಾಯಿತು. ಅದನ್ನು ಮರಳಿ ಕೊಟ್ಟೊಡನೆ ಮರಿಗಳು ಮತ್ತೆ ಬೆಳೆಯತೊಡಗಿದವು. ಚಿನೂಕ್ ಸಾಲ್ಮನ್ನಿಗೆ ಹತ್ತು ಅವಶ್ಯಕ ಎಂಬ ಫಲಿತಾಂಶ 1957ರಲ್ಲಿ ಪ್ರಕಟವಾಯಿತು. ಆಮೇಲೆ ಪರೀಕ್ಷಿಸಿದ ಮೀನುಗಳಲ್ಲೆಲ್ಲ ಅದೇ ಹತ್ತು.

ಆ ಲೇಖನಕ್ಕೆ ಹೆಸರು ಹಾಕಿದವರಲ್ಲಿ ಎಡ್ವಿನ್ ಮರ್ಟ್ಜ್ ಎಂಬಾತ ಒಬ್ಬ. ಈತನೇ ಮುಂದೆ 1964ರಲ್ಲಿ ಸಂಗಡಿಗರೊಂದಿಗೆ, ಲೈಸೀನ್ ಹೆಚ್ಚಾಗಿರುವ ಮುಸುಕಿನ ಜೋಳದ ತಳಿಯನ್ನು ಗುರುತಿಸಿ ಪ್ರಸಿದ್ಧನಾದ. ಇಲಿ, ಮೀನು, ಜೋಳ ಎಲ್ಲ ಒಂದೇ ಕಥೆಯ ಪಾತ್ರಗಳು ನೋಡಿ. ಇನ್ನೊಂದು ಕಾಕತಾಳೀಯ. ಅದೇ 1957ರ ಜುಲೈ 10ರಂದು ನಮ್ಮ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳನ್ನು ಹೊಂಡದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದರು. ನದಿಯಿಂದ ಮರಿ ಹಿಡಿದು ತರುವ ಕಷ್ಟ ಅಲ್ಲಿಗೆ ಕಡಿಮೆಯಾಯಿತು. ಆ ದಿನವನ್ನು ಇಂದಿಗೂ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತೇವೆ. ಬಿತ್ತನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ ವರ್ಷವೇ ಮೇವಿನ ಪ್ರಶ್ನೆಗೆ ಬಾಗಿಲು ತೆರೆಯಿತು. ಬಿತ್ತನೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ; ಮೇವಿನದನ್ನು ಹೇಳುವವರು ಕಡಿಮೆ.

ಯಾವುದು ಅವಶ್ಯಕ ಎಂದು ತಿಳಿದರೆ ಸಾಲದು, ಎಷ್ಟು ಎಂದೂ ತಿಳಿಯಬೇಕು. ಅದಕ್ಕೆ ಮಾಡುವ ಪ್ರಯೋಗ ತತ್ತ್ವದಲ್ಲಿ ಸರಳ. ಒಂದೇ ಗಾತ್ರದ ಮರಿಗಳನ್ನು ಏಳೆಂಟು ತೊಟ್ಟಿಗಳಲ್ಲಿ ಬಿಡಿ. ಎಲ್ಲಕ್ಕೂ ಒಂದೇ ಆಹಾರ, ಆದರೆ ಲೈಸೀನ್ ಮಾತ್ರ ತೊಟ್ಟಿಯಿಂದ ತೊಟ್ಟಿಗೆ ಸ್ವಲ್ಪ ಸ್ವಲ್ಪ ಹೆಚ್ಚು. ಕೆಲವು ವಾರಗಳ ನಂತರ ತೂಗಿ, ಗ್ರಾಫ್ ಕಾಗದದ ಮೇಲೆ ಗುರುತಿಸಿ. ಲೈಸೀನ್ ಹೆಚ್ಚಿದಂತೆ ಬೆಳವಣಿಗೆಯ ಗೆರೆ ಏರುತ್ತ ಹೋಗಿ ಒಂದು ಕಡೆ ಮಟ್ಟಸವಾಗುತ್ತದೆ. ಗೆರೆ ಬಾಗುವ ಆ ಮೂಲೆಯೇ ಅವಶ್ಯಕತೆಯ ಪ್ರಮಾಣ. ಜಪಾನಿನ ನೋಸೆ ಎಂಬ ವಿಜ್ಞಾನಿ ಸಾಮಾನ್ಯ ಗೆಂಡೆಗೆ ಬೇಕಾದ ಹತ್ತರ ಪಟ್ಟಿಯನ್ನು 1979ರಲ್ಲಿ ಕೊಟ್ಟ. ಅದರಂತೆ ಆಹಾರದ ಪ್ರತಿ 100 ಗ್ರಾಂ ಪ್ರೋಟೀನಿನಲ್ಲಿ ಲೈಸೀನ್ 5.7 ಗ್ರಾಂ ಇರಬೇಕು. ಗಂಧಕವುಳ್ಳ ಮೆಥಿಯೊನೀನ್ ಮತ್ತು ಸಿಸ್ಟೀನ್ ಎರಡೂ ಸೇರಿ 3.1 ಗ್ರಾಂ, ಟ್ರಿಪ್ಟೊಫ್ಯಾನ್ 0.8 ಗ್ರಾಂ ಸಾಕು. ಸಿಸ್ಟೀನ್ ಅವಶ್ಯಕ ಪಟ್ಟಿಯಲ್ಲಿ ಇಲ್ಲವಲ್ಲ, ಇಲ್ಲಿ ಹೇಗೆ ಬಂತು ಎಂದು ಕೇಳುತ್ತೀರಿ. ಮೀನು ಸಿಸ್ಟೀನನ್ನು ಮೆಥಿಯೊನೀನಿನಿಂದಲೇ ತಯಾರಿಸಿಕೊಳ್ಳುತ್ತದೆ. ಸಿಸ್ಟೀನ್ ಸಿದ್ಧವಾಗಿ ಸಿಕ್ಕರೆ ಅಷ್ಟು ಮೆಥಿಯೊನೀನ್ ಉಳಿಯುತ್ತದೆ. ಆದ್ದರಿಂದ ಎರಡನ್ನೂ ಕೂಡಿಸಿ ಲೆಕ್ಕ ಹಾಕುವುದು ರೂಢಿ. ಕಾಟ್ಲ ಮೀನಿಗೆ ಬೇಕಾದ ಹತ್ತರ ಪ್ರಮಾಣಗಳನ್ನು ನಮ್ಮ ದೇಶದವರೇ ಆದ ಜೆ. ರವಿ ಮತ್ತು ಕೆ. ವಿ. ದೇವರಾಜ್ 1991ರಲ್ಲಿ ಪ್ರಕಟಿಸಿದರು. ಅವರಿಗೆ ಸಿಕ್ಕ ಲೈಸೀನ್ ಪ್ರಮಾಣ 100 ಗ್ರಾಂ ಪ್ರೋಟೀನಿಗೆ ಸುಮಾರು 6.2 ಗ್ರಾಂ.

ತತ್ತ್ವದಲ್ಲಿ ಸರಳ ಎಂದೆ. ಮಾಡಲು ಹೋದರೆ ಹಾಗಲ್ಲ. ಗೆಂಡೆ ಮೀನಿಗೆ ಜಠರವೇ ಇಲ್ಲ! ನಿಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತಿತ್ತೋ ಕಾಣೆ. ನುಂಗಿದ್ದು ನೇರವಾಗಿ ಕರುಳಿಗೆ ಇಳಿಯುತ್ತದೆ. ಶುದ್ಧ ಅಮೈನೊ ಆಮ್ಲದ ಪುಡಿಯನ್ನು ಸಾಲ್ಮನ್ನಿಗೆ ಕೊಟ್ಟಂತೆ ಗೆಂಡೆಗೂ ಕೊಟ್ಟಾಗ ಮೊದಮೊದಲು ಮೀನುಗಳು ಬೆಳೆಯಲೇ ಇಲ್ಲ. ಬಿಡಿ ಅಮೈನೊ ಆಮ್ಲಗಳು ಬಲುಬೇಗ ರಕ್ತಕ್ಕೆ ನುಗ್ಗುತ್ತವೆ; ಪ್ರೋಟೀನಿನಿಂದ ಬರುವವು ನಿಧಾನವಾಗಿ ಬರುತ್ತವೆ. ಮೊದಲು ಬಂದವು ಜೊತೆಯವರಿಗೆ ಕಾಯುವಂತಿಲ್ಲ, ಏಕೆಂದರೆ ಆಗಲೇ ಹೇಳಿದಂತೆ ಕಾಯುವುದಕ್ಕೆ ಉಗ್ರಾಣ ಇಲ್ಲ. ಜೊತೆಗೆ ಆ ಮಿಶ್ರಣ ಹುಳಿ. ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿ ಹುಳಿಯನ್ನು ಮುರಿದಾಗ ಗೆಂಡೆಗಳು ಬೆಳೆಯತೊಡಗಿದವು. ದಿನಕ್ಕೆ ಎರಡು ಸಲ ಕೊಡುವ ಬದಲು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಟ್ಟಾಗಲೂ ಫಲ ಉತ್ತಮವಾಯಿತು. ಬಿಡಿ ಅಮೈನೊ ಆಮ್ಲಗಳು ಮೀನಿನ ಬಾಯಿಗೆ ಹೋಗುವ ಮೊದಲೇ ನೀರಿನಲ್ಲಿ ಕರಗಿಹೋಗುವ ತೊಂದರೆ ಬೇರೆ. ಹಸುವಿಗಾಗಲಿ ಕೋಳಿಗಾಗಲಿ ಮೇವು ಹಾಕುವವರಿಗೆ ಈ ಚಿಂತೆ ಇಲ್ಲ.

ಕೊರತೆಯಾದರೆ ಏನಾಗುತ್ತದೆ? ಹೆಚ್ಚಿನ ಸಂದರ್ಭಗಳಲ್ಲಿ ಕಣ್ಣಿಗೆ ಕಾಣುವುದು ಏನೂ ಇಲ್ಲ. ಮೀನು ಮಂದವಾಗಿ ತಿನ್ನುತ್ತದೆ, ನಿಧಾನವಾಗಿ ಬೆಳೆಯುತ್ತದೆ, ಅಷ್ಟೆ. ಆದರೆ ಕೊರತೆ ತೀವ್ರವಾದಾಗ ಕೆಲವು ಜಾತಿಗಳಲ್ಲಿ ವಿಚಿತ್ರವಾದ ಲಕ್ಷಣಗಳು ಕಾಣುತ್ತವೆ. ಮೆಥಿಯೊನೀನ್ ಸಾಲದ ಟ್ರೌಟ್ ಮೀನಿಗೆ ಕಣ್ಣಿನ ಪೊರೆ ಬರುತ್ತದೆ. ಮುಪ್ಪಿನಲ್ಲಿ ನಮ್ಮ ಅಜ್ಜಿಯರಿಗೆ ಬರುವಂತೆಯೇ ಮಸೂರ ಬೆಳ್ಳಗಾಗುತ್ತದೆ. ಲೈಸೀನ್ ಸಾಲದಿದ್ದರೆ ಬಾಲದ ರೆಕ್ಕೆ ಸವೆಯುತ್ತದೆ. ಟ್ರಿಪ್ಟೊಫ್ಯಾನ್ ಸಾಲದ ಟ್ರೌಟ್, ಸಾಲ್ಮನ್ ಮರಿಗಳ ಬೆನ್ನುಮೂಳೆ ಹಾವಿನಂತೆ ಅತ್ತಿತ್ತ ಬಾಗುತ್ತದೆ. ಇದರಲ್ಲಿ ಆಶ್ಚರ್ಯವೆಂದರೆ ಟ್ರಿಪ್ಟೊಫ್ಯಾನನ್ನು ಮರಳಿ ಕೊಟ್ಟರೆ ಬಾಗಿದ ಬೆನ್ನು ನೇರವಾಗಬಲ್ಲದು. 100 ಗ್ರಾಂ ಪ್ರೋಟೀನಿನಲ್ಲಿ ಒಂದು ಗ್ರಾಂ ಕೂಡ ಬೇಕಿಲ್ಲದ ವಸ್ತು, ಆದರೂ ಅದಿಲ್ಲದೆ ಬೆನ್ನು ನೆಟ್ಟಗಿರುವುದಿಲ್ಲ.

ಈಗ ರೈತನ ಹೊಂಡಕ್ಕೆ ಬರೋಣ. ನಮ್ಮಲ್ಲಿ ಬಹುಕಾಲದಿಂದ ಗೆಂಡೆ ಮೀನಿಗೆ ಹಾಕುತ್ತ ಬಂದದ್ದು ಅಕ್ಕಿಯ ತೌಡು ಮತ್ತು ಕಡಲೇಕಾಯಿ ಹಿಂಡಿ. ಆಂಧ್ರದ ಕೊಲ್ಲೇರು ಸರೋವರದ ಸುತ್ತಮುತ್ತ ಈ ಮಿಶ್ರಣವನ್ನು ತೂತು ಮಾಡಿದ ಚೀಲಗಳಲ್ಲಿ ತುಂಬಿ, ಹೊಂಡದಲ್ಲಿ ನೆಟ್ಟ ಗಳುಗಳಿಗೆ ಕಟ್ಟುತ್ತಾರೆ. ಮೀನುಗಳು ಬಂದು ಚೀಲವನ್ನು ಚೀಪಿ ತಿನ್ನುವ ನೋಟ ಬಹಳ ಚೆನ್ನಾಗಿರುತ್ತದೆ. ಕ್ಯಾಮೆರಾ ಹಿಡಿದವರಿಗಂತೂ ಹಬ್ಬ. ಕಡಲೇಕಾಯಿ ಹಿಂಡಿಯಲ್ಲಿ ಪ್ರೋಟೀನು ಧಾರಾಳವಾಗಿದೆ. ಆರ್ಜಿನೀನ್ ಅದರಲ್ಲಿ ಬೇಕಾದುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಆದರೆ ಲೈಸೀನ್ 100 ಗ್ರಾಂ ಪ್ರೋಟೀನಿಗೆ ಸುಮಾರು 3.5 ಗ್ರಾಂ ಮಾತ್ರ. ಸಾಮಾನ್ಯ ಗೆಂಡೆಗೆ ಬೇಕಾದದ್ದು 5.7. ಭಾಗಿಸಿ ನೋಡಿ, ಶೇಕಡ 61 ಬರುತ್ತದೆ. ಅರುವತ್ತು ‘ನ’ಗಳ ಕಥೆ ನೆನಪಿಸಿಕೊಳ್ಳಿ! ಕಡಲೇಕಾಯಿ ಹಿಂಡಿಯೊಂದನ್ನೇ ನಂಬಿದರೆ ಅದರ 100 ಗ್ರಾಂ ಪ್ರೋಟೀನಿನಲ್ಲಿ ಮೈ ಕಟ್ಟುವುದಕ್ಕೆ ಒದಗುವುದು ಹೆಚ್ಚೆಂದರೆ 61 ಗ್ರಾಂ.

ಉಳಿದ 39 ಗ್ರಾಂ ಎಲ್ಲಿಗೆ ಹೋಯಿತು? ಉರಿದುಹೋಯಿತು. ಒಂದು ಕಿಲೋ ಮೇವಿನಲ್ಲಿ 300 ಗ್ರಾಂ ಪ್ರೋಟೀನು ಇದೆ ಎಂದುಕೊಂಡರೆ ಸುಮಾರು 117 ಗ್ರಾಂ. ಪ್ರೋಟೀನಿನಲ್ಲಿ ಸಾರಜನಕ ಶೇಕಡ 16ರಷ್ಟು ಇರುವುದರಿಂದ, ಕಿಲೋ ಮೇವಿಗೆ 19 ಗ್ರಾಂನಷ್ಟು ಸಾರಜನಕ ಹೆಚ್ಚಿಗೆ ಅಮೋನಿಯಾ ಆಗಿ ಹೊಂಡಕ್ಕೆ ಸೇರಿತು. ಮೇವು ಎಷ್ಟೇ ಉತ್ತಮವಾಗಿದ್ದರೂ ಮೀನು ಒಂದು ಪಾಲು ಅಮೋನಿಯಾ ಬಿಟ್ಟೇ ಬಿಡುತ್ತದೆ; ಇದು ಅದರ ಮೇಲಿನ ದಂಡ. ಅಮೋನಿಯಾ ಕೂಡಿದ ನೀರಿನಲ್ಲಿ ಮೀನಿಗೆ ಉಸಿರಾಡುವುದು ಕಷ್ಟ, ನೀರು ಬದಲಿಸಬೇಕು, ಪಂಪು ಓಡಿಸಬೇಕು. ಅಂದರೆ ರೈತ ಒಮ್ಮೆ ಪ್ರೋಟೀನಿಗೆ ದುಡ್ಡು ಕೊಟ್ಟ, ಅದರ ಹೊಗೆಯನ್ನು ಹೊರಹಾಕಲು ಮತ್ತೊಮ್ಮೆ ಕೊಟ್ಟ.

ಈ ಕೊರತೆಗೆ ಔಷಧ ನಮ್ಮ ಅಡುಗೆಮನೆಯಲ್ಲಿಯೇ ಇದೆ. ರಾಗಿ, ಅಕ್ಕಿಗಳಲ್ಲಿ ಲೈಸೀನ್ ಕಡಿಮೆ, ಮೆಥಿಯೊನೀನ್ ಪರವಾಗಿಲ್ಲ. ಹುರುಳಿ, ಅವರೆ, ತೊಗರಿಗಳಲ್ಲಿ ಲೈಸೀನ್ ಚೆನ್ನಾಗಿದೆ, ಮೆಥಿಯೊನೀನ್ ಕಡಿಮೆ. ಮುದ್ದೆಯನ್ನು ಹುರುಳಿ ಸಾರಿನಲ್ಲಿ ಅದ್ದಿ ನುಂಗುವವರು ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬುತ್ತಾರೆ, ಅದೂ ಒಂದೇ ತುತ್ತಿನಲ್ಲಿ. ಬೆಳಿಗ್ಗೆ ಮುದ್ದೆ, ಮರುದಿನ ಸಾರು ಎಂದರೆ ಲಾಭ ಅಷ್ಟಿಲ್ಲ. ಮೀನಿನ ಮೇವಿನಲ್ಲಿಯೂ ಹೀಗೆಯೇ: ಸೋಯಾ ಹಿಂಡಿಯಲ್ಲಿ ಲೈಸೀನ್ ಉಂಟು, ಗಂಧಕದ ಅಮೈನೊ ಆಮ್ಲಗಳು ಸ್ವಲ್ಪ ಸಾಲವು; ಎಳ್ಳಿನ ಹಿಂಡಿಯಲ್ಲಿ ಇದರ ತಿರುವುಮುರುವು.

ಈ ಕಾರ್ಯಕ್ರಮದ ಚಿತ್ರೀಕರಣಕ್ಕೆ ಹೋಗಿದ್ದಾಗ ಮೀನು ಸಾಕುವ ರೈತರೊಬ್ಬರು ನನ್ನ ಮುಂದೆ ಎರಡು ಮೂಟೆ ಇಟ್ಟರು. ಒಂದರ ಮೇಲೆ ಪ್ರೋಟೀನು ಶೇಕಡ 32 ಎಂದು ಅಚ್ಚಾಗಿತ್ತು, ಇನ್ನೊಂದರ ಮೇಲೆ ಶೇಕಡ 28. ಬೆಲೆ ಮಾತ್ರ ಎರಡನೆಯದರದ್ದೇ ಹೆಚ್ಚು. “ಜಾಸ್ತಿ ಇರೋದು ಅಗ್ಗಕ್ಕೆ ಸಿಗುವಾಗ ಕಡಿಮೆ ಇರೋದಕ್ಕೆ ಯಾಕೆ ಸ್ವಾಮಿ ದುಡ್ಡು ಸುರೀಬೇಕು?” ಎಂದು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಬಿ.ಎಸ್ಸಿ. ಓದಿದ ನಾವು ಕೇಳಬೇಕಾದ ಪ್ರಶ್ನೆ.

ಉತ್ತರಕ್ಕೆ ಮೂಟೆಯ ಮೇಲಿನ ಆ ಅಂಕಿ ಎಲ್ಲಿಂದ ಬಂತು ಎಂದು ನೋಡಬೇಕು. 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಎಂಬ ರಸಾಯನವಿಜ್ಞಾನಿ ಒಂದು ಪದಾರ್ಥದಲ್ಲಿರುವ ಸಾರಜನಕವನ್ನು ಅಳೆಯುವ ವಿಧಾನ ಕಂಡುಹಿಡಿದ. ಇಂದಿಗೂ ಹೆಚ್ಚಾಗಿ ಮಾಡುವುದು ಅದನ್ನೇ. ಮಾದರಿಯನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿ, ಸಾರಜನಕವನ್ನು ಅಮೋನಿಯಾ ಆಗಿಸಿ ಅಳೆದು, ಬಂದ ಉತ್ತರವನ್ನು 6.25ರಿಂದ ಗುಣಿಸುತ್ತಾರೆ. ನೂರನ್ನು 16ರಿಂದ ಭಾಗಿಸಿದರೆ 6.25 ತಾನೇ? ಹೀಗೆ ಬಂದದ್ದಕ್ಕೆ ಕಚ್ಚಾ ಪ್ರೋಟೀನು ಎಂದು ಹೆಸರು. ಗಮನಿಸಿ, ಇಲ್ಲಿ ಯಾರೂ ಪ್ರೋಟೀನನ್ನು ಅಳೆಯಲಿಲ್ಲ, ಸಾರಜನಕವನ್ನು ಅಳೆದರು. ಅದು ಲೈಸೀನಿನ ಸಾರಜನಕವೋ, ಕೋಳಿಯ ಪುಕ್ಕದ್ದೋ, ಯೂರಿಯಾ ಗೊಬ್ಬರದ್ದೋ ಆ ಕುದಿಯುವ ಆಮ್ಲಕ್ಕೆ ಗೊತ್ತಾಗುವುದಿಲ್ಲ. ಪುಕ್ಕದ ಪುಡಿಯಲ್ಲಿ ಕಚ್ಚಾ ಪ್ರೋಟೀನು ಶೇಕಡ 80ನ್ನೂ ಮೀರುತ್ತದೆ, ಮೀನಿನ ಹಿಟ್ಟಿಗಿಂತ ಹೆಚ್ಚು! ಆದರೆ ಅದರಲ್ಲಿ ಲೈಸೀನೂ ಮೆಥಿಯೊನೀನೂ ಬಹಳ ಕಡಿಮೆ, ಜೀರ್ಣವಾಗುವುದೂ ಕಷ್ಟ.

ಈ ಸಂದು ಎಷ್ಟು ಅಪಾಯಕಾರಿ ಎಂಬುದು 2007 ಮತ್ತು 2008ರಲ್ಲಿ ಲೋಕಕ್ಕೆ ತಿಳಿಯಿತು. ಮೆಲಮೀನ್ ಎಂಬ, ತಟ್ಟೆ ಲೋಟಗಳ ಪ್ಲಾಸ್ಟಿಕ್ಕಿಗೆ ಬಳಸುವ ರಾಸಾಯನಿಕದಲ್ಲಿ ಮೂರನೆಯ ಎರಡು ಭಾಗ ಸಾರಜನಕವೇ. ಅದರ ಒಂದು ಗ್ರಾಂ ಕೆಲ್ಡಾಲ್ ಪರೀಕ್ಷೆಯಲ್ಲಿ ನಾಲ್ಕು ಗ್ರಾಂಗೂ ಹೆಚ್ಚು ಪ್ರೋಟೀನಿನಂತೆ ಕಾಣುತ್ತದೆ. ಚೀನಾದಿಂದ ಹೋದ ಗೋಧಿಯ ಪುಡಿಯಲ್ಲಿ ಇದನ್ನು ಬೆರೆಸಿದ್ದು 2007ರಲ್ಲಿ ಅಮೆರಿಕದಲ್ಲಿ ನಾಯಿ ಬೆಕ್ಕುಗಳು ಸತ್ತಾಗ ಬಯಲಾಯಿತು; ಮೀನಿನ ಮೇವಿಗೂ ಅದು ಸೇರಿದ್ದು ಪತ್ತೆಯಾಯಿತು. ಮರುವರ್ಷ ಚೀನಾದಲ್ಲಿಯೇ, ನೀರು ಬೆರೆಸಿದ ಹಾಲು ಪರೀಕ್ಷೆಯಲ್ಲಿ ತೇರ್ಗಡೆಯಾಗಲೆಂದು ಮೆಲಮೀನ್ ಸೇರಿಸಿದ್ದರಿಂದ ಸುಮಾರು ಮೂರು ಲಕ್ಷ ಮಕ್ಕಳು ಅಸ್ವಸ್ಥರಾದರು, ಆರು ಕಂದಮ್ಮಗಳು ತೀರಿಕೊಂಡವು. ಪ್ರೋಟೀನು ಎಂಬ ಒಂದು ಅಂಕಿಯನ್ನು ಕಣ್ಣುಮುಚ್ಚಿ ನಂಬಿದ್ದರ ಬೆಲೆ ಅದು. ಆ ರೈತರ ಅಗ್ಗದ ಮೂಟೆಯಲ್ಲಿ ಇಂಥದೇನೋ ಇತ್ತು ಎಂದು ನಾನು ಹೇಳುತ್ತಿಲ್ಲ. ಶೇಕಡ 32 ಎಂಬ ಅಂಕಿಯಿಂದ ಮಾತ್ರ ಏನೂ ತೀರ್ಮಾನಿಸಲು ಬರುವುದಿಲ್ಲ, ಅದರಲ್ಲಿ ಲೈಸೀನ್ ಎಷ್ಟು, ಮೆಥಿಯೊನೀನ್ ಎಷ್ಟು ಎಂದು ಕೇಳಿ ಎಂದು ಅವರಿಗೆ ಹೇಳಿದೆ.

ಅಳೆದಾಗ ಸಿಕ್ಕ ಲೈಸೀನೂ ಮೀನಿಗೆ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಬ್ರೆಡ್ಡಿನ ಮೇಲ್ಪದರ ಕೆಂಪಗಾಗುವುದನ್ನು, ದೋಸೆ ಗರಿಗರಿಯಾಗಿ ಹೊಂಬಣ್ಣ ತಾಳುವುದನ್ನು ನೀವು ದಿನವೂ ನೋಡುತ್ತೀರಿ. ಶಾಖದಲ್ಲಿ ಸಕ್ಕರೆಯ ಅಣು ಅಮೈನೊ ಆಮ್ಲಕ್ಕೆ ಅಂಟಿಕೊಳ್ಳುವುದರಿಂದ ಬರುವ ಬಣ್ಣ, ಘಮ ಅದು. ಲೈಸೀನಿಗೆ ಬಾಲದ ತುದಿಯಲ್ಲಿ ಇನ್ನೊಂದು ಅಮೈನೊ ಗುಂಪು ಬಿಡಿಯಾಗಿ ಇರುವುದರಿಂದ ಸಕ್ಕರೆ ಅದನ್ನೇ ಮೊದಲು ಹಿಡಿಯುತ್ತದೆ. ಹಾಗೆ ಅಂಟಿಹೋದ ಲೈಸೀನ್ ಮೀನಿಗೆ ದಕ್ಕುವುದಿಲ್ಲ. ಹಾಗೆಂದು ಸೋಯಾವನ್ನು ಬೇಯಿಸದೆ ಕೊಡುವಂತೆಯೂ ಇಲ್ಲ. ಹಸಿ ಸೋಯಾದಲ್ಲಿ ಟ್ರಿಪ್ಸಿನ್ ಎಂಬ ಜೀರ್ಣರಸದ ಕೈಕಟ್ಟುವ ಪದಾರ್ಥವಿದೆ, ಅದನ್ನು ಶಾಖದಿಂದಲೇ ಕೆಡಿಸಬೇಕು. ಕಡಿಮೆ ಬೆಂದರೆ ಒಂದು ಕಷ್ಟ, ಹೆಚ್ಚು ಬೆಂದರೆ ಇನ್ನೊಂದು. ಮೇವಿನ ಕಾರ್ಖಾನೆಯ ಅಡುಗೆಯವನಿಗೂ ಕೈಹದ ಬೇಕು ಎಂದಾಯಿತು.

ಇಷ್ಟೆಲ್ಲ ತಾಪತ್ರಯ ಏಕೆ, ಮೀನಿಗೆ ಮೀನಿನ ಹಿಟ್ಟನ್ನೇ ಹಾಕಬಾರದೇ ಎನ್ನಬಹುದು. ಹತ್ತು ಅಮೈನೊ ಆಮ್ಲಗಳೂ ಬೇಕಾದ ಹದದಲ್ಲಿ ಇರುವುದು ಅದರಲ್ಲಿಯೇ. ಸ್ವಾಭಾವಿಕ ತಾನೇ, ಅದು ಮೀನಿನ ಮೈಯೇ ಅಲ್ಲವೇ! ಲೋಕದ ಮೇವಿನ ಉದ್ಯಮ ಬಹುಕಾಲ ನಂಬಿದ್ದೂ ಅದನ್ನೇ. ಆದರೆ ಒಂದು ಕಿಲೋ ಮೀನಿನ ಹಿಟ್ಟಿಗೆ ನಾಲ್ಕರಿಂದ ಐದು ಕಿಲೋ ಹಸಿ ಮೀನು ಬೇಕು. ಪೆರು ದೇಶದ ಕಡಲಲ್ಲಿ 1970ರಲ್ಲಿ 1 ಕೋಟಿ 20 ಲಕ್ಷ ಟನ್ನಿಗೂ ಹೆಚ್ಚು ಆಂಚೊವಿ ಮೀನು ಹಿಡಿದರು, ಬಹುಪಾಲು ಹಿಟ್ಟಿಗಾಗಿಯೇ. ಅತಿಯಾಗಿ ಹಿಡಿದದ್ದೂ 1972ರ ಎಲ್ ನಿನೊ ಬಿಸಿ ನೀರೂ ಸೇರಿ 1973ರ ಹೊತ್ತಿಗೆ ಅದು ಸುಮಾರು 20 ಲಕ್ಷ ಟನ್ನಿಗೆ ಕುಸಿಯಿತು. ಇನ್ನು ನಮ್ಮ ಕರಾವಳಿಯಲ್ಲಿ ಹಿಟ್ಟಾಗುವುದು ಹೆಚ್ಚಾಗಿ ಬೂತಾಯಿ. ಮಂಗಳೂರಿನ ಕಡೆಯ ಮನೆಗಳಲ್ಲಿ ಬಡವರ ಊಟಕ್ಕೆ ರುಚಿ ಕೊಡುವ ಮೀನು ಅದು. ಒಬ್ಬರ ತಟ್ಟೆಯ ಮೀನನ್ನು ತೆಗೆದು ಇನ್ನೊಬ್ಬರ ತಟ್ಟೆಯ ಮೀನಿಗೆ ತಿನ್ನಿಸುವುದು ನನಗೆ ಅಷ್ಟು ಜಾಣತನವಾಗಿ ಕಾಣುವುದಿಲ್ಲ.

ಇದಕ್ಕೆ ದಾರಿ ತೋರಿಸಿದ್ದು ಒಂದು ಬ್ಯಾಕ್ಟೀರಿಯ. ಜಪಾನಿನ ಕಿನೋಷಿಟ ಮತ್ತು ಸಂಗಡಿಗರು 1950ರ ದಶಕದ ಉತ್ತರಾರ್ಧದಲ್ಲಿ ಮಣ್ಣಿನಿಂದ ಬೇರ್ಪಡಿಸಿದ ಕೊರಿನೆಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿ ಸಕ್ಕರೆ ತಿಂದು ಅಮೈನೊ ಆಮ್ಲವನ್ನು ಹೊರಚೆಲ್ಲುತ್ತಿತ್ತು. ಅದರ ಬದಲಾದ ತಳಿಗಳು ಲೈಸೀನನ್ನು ಧಾರಾಳವಾಗಿ ಕೊಟ್ಟವು. ಕಬ್ಬಿನ ಕಾಕಂಬಿಯಂಥ ಅಗ್ಗದ ಪದಾರ್ಥದಿಂದ ಲೈಸೀನ್! ಮೆಥಿಯೊನೀನನ್ನು ರಾಸಾಯನಿಕವಾಗಿಯೇ ತಯಾರಿಸುತ್ತಾರೆ. ಈಗ ಹಿಂಡಿಗಳನ್ನು ಆಧಾರವಾಗಿಟ್ಟುಕೊಂಡು, ಸಾಲದ ಅಮೈನೊ ಆಮ್ಲವನ್ನು ಮಾತ್ರ ಉಪ್ಪಿನಂತೆ ಮೇಲೆ ಉದುರಿಸಬಹುದು. ನಾರ್ವೆಯ ಸಾಲ್ಮನ್ ಮೇವಿನಲ್ಲಿ 1990ರಲ್ಲಿ ಮೀನಿನ ಹಿಟ್ಟು ಸುಮಾರು ಶೇಕಡ 65 ಇತ್ತು. 2020ರಲ್ಲಿ ಅದು ಶೇಕಡ 12ರ ಆಸುಪಾಸಿಗೆ ಇಳಿದಿತ್ತು. ಸಾಲ್ಮನ್ನಿಗೆ ಮೀನಿನ ಹಿಟ್ಟೇ ಆಗಬೇಕು ಎಂಬುದಿಲ್ಲ, ಹತ್ತೂ ಸಿಕ್ಕರೆ ಸಾಕು ಎಂಬ ಹಾಲ್ವರ್ ತೊಟ್ಟಿಯ ಪಾಠ ಕೈಗೆ ಬರಲು ಅರ್ಧ ಶತಮಾನ ಹಿಡಿಯಿತು.

ಒಂದು ಎಚ್ಚರಿಕೆಯ ಮಾತು. ಈ ಪಟ್ಟಿಗಳು ಗಾಜಿನ ತೊಟ್ಟಿಯಲ್ಲಿ, ಕೊಟ್ಟ ಮೇವಲ್ಲದೆ ಬೇರೇನೂ ಸಿಗದ ಮೀನುಗಳಿಂದ ಬಂದವು. ಗೊಬ್ಬರ ಹಾಕಿ ಹಸಿರಾದ ಹೊಂಡದಲ್ಲಿ ಪ್ಲವಕ ಜೀವಿಗಳು ತುಂಬಿರುತ್ತವೆ, ಅವುಗಳ ಪ್ರೋಟೀನು ಉತ್ತಮ ದರ್ಜೆಯದು. ಮೀನು ವಿರಳವಾಗಿದ್ದರೆ ಲೈಸೀನಿನ ಕೊರತೆಯನ್ನು ಹೊಂಡವೇ ತುಂಬಿಕೊಡುತ್ತದೆ. ತೌಡು, ಹಿಂಡಿಗಳಿಂದ ಇಷ್ಟು ಕಾಲ ಕೆಲಸ ನಡೆದದ್ದು ಹೀಗೆ. ನಮ್ಮ ರೈತರು ತಿಳಿಯದೆ ಮಾಡಿದ್ದಲ್ಲ. ಅಂಥ ಹೊಂಡಕ್ಕೆ ದುಬಾರಿ ಮೇವು ಸುರಿಯುವುದೇ ದಂಡ. ಆದರೆ ಅದೇ ನೀರಿಗೆ ಎರಡು ಪಟ್ಟು, ಮೂರು ಪಟ್ಟು ಮರಿ ಬಿಟ್ಟರೆ ಪ್ಲವಕ ಎಲ್ಲರಿಗೂ ಸಾಲುವುದಿಲ್ಲ. ಆಗ ಪಟ್ಟಿಯ ಪ್ರತಿ ಅಂಕಿಯೂ ಲೆಕ್ಕಕ್ಕೆ ಬರುತ್ತದೆ. ಈ ಸೂಕ್ಷ್ಮಗಳನ್ನು ಮುಂದೆ ಓದಬೇಕೆನ್ನುವವರಿಗೆ ದೂರ ಹೋಗಬೇಕಾಗಿಲ್ಲ. ದೇಶದ ಮೊಟ್ಟಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಆರಂಭವಾದದ್ದು ನಮ್ಮ ಮಂಗಳೂರಿನಲ್ಲಿಯೇ.

ಕೊನೆಗೆ ನಿಮಗೊಂದು ಲೆಕ್ಕ. ಸೋಯಾ ಹಿಂಡಿಯ 100 ಗ್ರಾಂ ಪ್ರೋಟೀನಿನಲ್ಲಿ ಲೈಸೀನ್ ಸುಮಾರು 6.3 ಗ್ರಾಂ, ಮೆಥಿಯೊನೀನ್ ಸಿಸ್ಟೀನ್ ಎರಡೂ ಸೇರಿ 2.9 ಗ್ರಾಂ ಎಂದಿಟ್ಟುಕೊಳ್ಳಿ. ಎಳ್ಳಿನ ಹಿಂಡಿಯಲ್ಲಿ ಲೈಸೀನ್ 2.7, ಗಂಧಕದವೆರಡೂ ಸೇರಿ 4.7. ಸಾಮಾನ್ಯ ಗೆಂಡೆಗೆ ಬೇಕಾದದ್ದು ಅನುಕ್ರಮವಾಗಿ 5.7 ಮತ್ತು 3.1. ಸೋಯಾ ಒಂದೇ ಆದರೆ ಗಂಧಕದವು ಸಾಲವು, ಎಳ್ಳು ಒಂದೇ ಆದರೆ ಲೈಸೀನ್ ಸಾಲದು. ಬೆರೆಸುವುದಾದರೆ 100 ಗ್ರಾಂ ಪ್ರೋಟೀನಿನಲ್ಲಿ ಎಳ್ಳಿನ ಪಾಲು ಎಷ್ಟಿರಬೇಕು? ಎಳ್ಳಿನ ಪಾಲನ್ನು ಎಕ್ಸ್ ಎಂದಿಟ್ಟುಕೊಂಡು ಎರಡು ಅಸಮತೆಗಳನ್ನು ಬರೆಯಿರಿ. ಎಂಟು ಒಂಬತ್ತನೆಯ ತರಗತಿಯ ಬೀಜಗಣಿತ ಸಾಕು. 15 ಗ್ರಾಂ ಎಳ್ಳು, 85 ಗ್ರಾಂ ಸೋಯಾ ಎಂದವರ ಉತ್ತರ ಸರಿ. 12 ಎಂದವರದ್ದೂ ಸರಿ, 16 ಎಂದವರದ್ದೂ ಸರಿ. ಆದರೆ 10 ಎಂದವರ ಮೀನಿಗೆ ಗಂಧಕದ ಅಮೈನೊ ಆಮ್ಲ ಸಾಲದು, 20 ಎಂದವರ ಮೀನಿಗೆ ಲೈಸೀನ್ ಸಾಲದು. ಇದೇ ಲೆಕ್ಕವನ್ನು ಕಡಲೇಕಾಯಿ ಹಿಂಡಿ ಮತ್ತು ಸೋಯಾ ಬೆರೆಸಿ, ಲೈಸೀನಿಗಷ್ಟೇ ಮಾಡಿ ನೋಡಿ. ಕಡಲೇಕಾಯಿಯ ಪಾಲು ಎಷ್ಟರವರೆಗೆ ಏರಬಹುದು ಎಂಬುದು ನಿಮಗೇ ಹೊಳೆಯುತ್ತದೆ.